ನಾನು ಪದವಿ ಮುಗಿಸಿದ್ದೇನೆ. ಅಂಧ ಬಿ.ಎ. ವಿದ್ಯಾರ್ಥಿಗೆ ಪರೀಕ್ಷೆ ಬರೆದುಕೊಡಲು ಹೋದರೆ ಬೇಡ ಅಂದರು. ಯಾಕೆ?

ನೀವು ಜಾಸ್ತಿ ಓದಿದ್ದೀರಿ, ಅದಕ್ಕೇ. ವಿದ್ಯಾರ್ಥಿ ತಾನೇ ಸ್ಕ್ರೈಬ್ ಕರೆತಂದರೆ, ಅಂದರೆ ಹೇಳಿದ್ದನ್ನು ಬರೆಯುವವರನ್ನು, ಅವರ ಓದು ವಿದ್ಯಾರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಅನ್ನುತ್ತದೆ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ.

ಕಾರಣ ಸರಳ. ಅಲ್ಲಿ ನಿಮ್ಮ ಕೈ ಮಾತ್ರ ಬೇಕು, ತಲೆ ಬೇಡ. ಉತ್ತರ ಗೊತ್ತಿದ್ದವರು ತಮಗೆ ಅರಿವಿಲ್ಲದೆಯೇ ತಿದ್ದಿಬಿಡುತ್ತಾರೆ. ಆಗ ಆ ಅಂಕ ಯಾರದ್ದು ಅನ್ನೋ ಅನುಮಾನ ಬರುತ್ತೆ. ಕಷ್ಟಪಟ್ಟು ಓದಿದ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಹಾಗಂತ ಇದು ಸುಮ್ನೆ ಬರೆಯೋ ಕೆಲಸ ಅಲ್ಲ. ಪ್ರಶ್ನೆಯನ್ನು ಓದಿ ಹೇಳೋದೂ ಸ್ಕ್ರೈಬೇ. 'ಎ ಪ್ಲಸ್ ಬಿ ವರ್ಗ' ಅಂತ ಓದಿದರೆ ವರ್ಗ ಬರೀ ಬಿಗೋ, ಇಡೀ ಆವರಣಕ್ಕೋ? 'ಆವರಣ ಶುರು, ಎ ಪ್ಲಸ್ ಬಿ, ಆವರಣ ಮುಗಿಯಿತು, ಅದರ ವರ್ಗ' ಅಂತಲೇ ಓದಬೇಕು. ಬರೆದದ್ದನ್ನು ಕೇಳಿದಾಗೆಲ್ಲ ಓದಿ ಹೇಳಬೇಕು. ಇದಕ್ಕೆ ಸಮಯ ಹಿಡಿಯುತ್ತೆ, ಅಲ್ವಾ? ಅದಕ್ಕೇ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡುತ್ತಾರೆ. ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆ ಆಗುತ್ತದೆ.

ನೀವು ಬೇಸರ ಮಾಡಿಕೊಳ್ಳಬೇಡಿ. ಪಠ್ಯಪುಸ್ತಕ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಡಿ. ಅದಕ್ಕೆ ನಿಮ್ಮ ಓದು ಅಡ್ಡಿಯಲ್ಲ, ಅನುಕೂಲವೇ. ಪಿಯುಸಿ ಮುಗಿಸಿದ ತಮ್ಮನೋ ತಂಗಿಯೋ ಇದ್ದರೆ ಸ್ಕ್ರೈಬ್ ಆಗಲು ಕಳಿಸಿ. ಆದರೆ ಒಪ್ಪಿಕೊಂಡ ಮೇಲೆ ತಪ್ಪಿಸಬಾರದು. ಪರೀಕ್ಷೆಯ ಬೆಳಿಗ್ಗೆ ಅವರು ಬರಲಿಲ್ಲ ಅಂದರೆ, ಎಲ್ಲ ಗೊತ್ತಿದ್ದೂ ಆ ವಿದ್ಯಾರ್ಥಿ ಖಾಲಿ ಹಾಳೆಯ ಮುಂದೆ ಕೂರಬೇಕಾಗುತ್ತದೆ.