‘ಫಾದರ್ ಈಸ್ ಹೋಪ್‌ಲೆಸ್’ ಅಂತ ಬರೆದರೆ ಯಾಕೆ ತಪ್ಪು?

ಗದಗ ಕಡೆ ಹೆಸರು ಬಿತ್ತಿದ ಮೇಲೆ ಮಳೆ ಹೋಯ್ತು, ‘ಅಪ್ಪ ಕೈಚೆಲ್ಲಿ ಕುಂತಾನ’ ಅನ್ನೋದನ್ನ ಇಂಗ್ಲಿಷಿನಾಗ ಹೆಂಗ ಬರೀಬೇಕು, ಹೋಪ್‌ಲೆಸ್ಸೋ, ಡೆಸ್ಪರೇಟೋ, ಇನ್ ಡಿಸ್ಪೇರೋ ಅಂತ ಕೇಳಿದ್ದೀರಿ.

‘ಮೈ ಫಾದರ್ ಈಸ್ ಹೋಪ್‌ಲೆಸ್’ ಮಾತ್ರ ಬೇಡ. ಅದು ಅಪ್ಪನಿಗೆ ಬೈದಂಗ: ಕೈಲಾಗದವ, ಯಾವುದಕ್ಕೂ ಬಾರದವ. (ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಾಗೂ ‘ಹೋಪ್‌ಲೆಸ್ ಫೆಲೋ’ ಬೈಗುಳನೇ ಅಲ್ಲೇನ್ರಿ?) ‘ಈಸ್’ ತೆಗೆದು ‘ಫೀಲ್ಸ್’ ಹಾಕಿದರೆ ಅರ್ಥವೇ ತಿರುಗುತ್ತದೆ, ಆಗ ಆಸೆ ಬತ್ತಿದ್ದು ಅವನ ಮನಸ್ಸಿನೊಳಗೆ. ಪರಿಸ್ಥಿತಿಗಾದರೆ ‘ಈಸ್ ಹೋಪ್‌ಲೆಸ್’ ಸಲೀಸಾಗಿ ಒಪ್ಪುತ್ತದೆ.

ಹೆಚ್ಚು ಜನ ಎಡವೋದು ಡೆಸ್ಪರೇಟ್ ಹತ್ತಿರ. ಡಿಸ್ಪೇರ್, ಡೆಸ್ಪರೇಟ್ ಎರಡೂ ಹುಟ್ಟಿದ್ದು ‘ಆಸೆ ಬಿಡು’ ಅನ್ನೋ ಅರ್ಥದ ಒಂದೇ ಲ್ಯಾಟಿನ್ ಕ್ರಿಯಾಪದದಿಂದ. ಹೌದು, ಅಣ್ಣ-ತಮ್ಮ, ಆದರೆ ಸ್ವಭಾವ ಬೇರೆ. ಡಿಸ್ಪೇರ್‌ನಾಗ ಇರೋವ ಕಟ್ಟಿ ಮ್ಯಾಲೆ ತಲಿಗೆ ಕೈ ಹಚ್ಚಿ ಕುಂತಿರತಾನ. ಡೆಸ್ಪರೇಟ್ ಆದವ ಎದ್ದು ಓಡಾಡತಾನ, ಟ್ಯಾಂಕರ್ ತರಸತಾನ, ಬಡ್ಡಿ ಎಷ್ಟಂತ ಕೇಳದ ಸಾಲ ಎತ್ತತಾನ. ‘ಡೆಸ್ಪರೇಟ್ ಫಾರ್ ರೇನ್’ ಅಂದರೆ ಮಳೆಗೆ ಹಪಹಪಿಸೋದು. ಅಲ್ಲಿ ಆಸೆ ಇನ್ನೂ ಪೂರ್ತಿ ಸತ್ತಿಲ್ಲ.

ನಾನಾದರೆ ನಿಮ್ಮ ವಾಕ್ಯಕ್ಕೆ ‘ಹ್ಯಾಸ್ ಗಿವನ್ ಅಪ್ ಹೋಪ್’ ಅಂತ ಬರೀತೀನಿ. ಕೈಚೆಲ್ಲಿದ ಭಾವ ಅದರಾಗೇ ಐತಿ. ‘ಇನ್ ಡಿಸ್ಪೇರ್’ ತಪ್ಪಲ್ಲ, ಆದರೆ ಸ್ವಲ್ಪ ಪುಸ್ತಕದ ಮಾತು, ದುಃಖದ ತೂಕನೂ ಜಾಸ್ತಿ.