ನೋವಿಲ್ಲದ ಬುದ್ಧಿಹಲ್ಲು ತೆಗೆಸಲೇಬೇಕಾ? ಬೇರು ಒಳಗೇ ಉಳಿದರೆ ತೊಂದರೆ ಇಲ್ವಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಕೇಸು ಇವೆ. ನಿಮಗೆ 24 ವರ್ಷ, ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಕೆಳಗಿನ ಎಡಬದಿಯ ಬುದ್ಧಿಹಲ್ಲು ಓರೆಯಾಗಿ ದವಡೆಯೊಳಗೆ ಸಿಕ್ಕಿಹಾಕಿಕೊಂಡಿದೆ, ಆದರೆ ನೋವಿಲ್ಲ. ಊರಿನ ಡಾಕ್ಟ್ರು ತೆಗೆಸಿ ಅಂದರು. ಮಂಗಳೂರಿನಲ್ಲಿ ಒಬ್ಬರು ಈಗ ಬೇಡ ಅಂದರು, ಇನ್ನೊಬ್ಬರು ಮೇಲಿನ ಭಾಗ ಮಾತ್ರ ಕತ್ತರಿಸಿ ಬೇರು ಒಳಗೇ ಬಿಡೋಣ ಅಂದರು. ಇದರ ಮಧ್ಯೆ ನಿಮ್ಮ ತಮ್ಮ ಕಬಡ್ಡಿಯಲ್ಲಿ ಬಿದ್ದು ಎದುರು ಹಲ್ಲಿನ ಬೇರು ಮುರಿದಿದೆ. ಅದನ್ನೂ ಕೀಳದೆ ತಂತಿ ಕಟ್ಟಿ ಕಳಿಸಿದ್ದಾರೆ. "ಮುರಿದದ್ದನ್ನು ಒಳಗೆ ಬಿಡುವುದು ಎಂತ ಮದ್ದು?" ಎಂಬುದು ನಿಮ್ಮ ಅಮ್ಮನ ಪ್ರಶ್ನೆ.

ನಾನು ಬಾಯಿ ಮತ್ತು ದವಡೆಯ ಸರ್ಜರಿ ಕಲಿತವಳು, ಕುಂಬಳೆ ಕಡೆ ಕ್ಲಿನಿಕ್ ಇದೆ. ಅಮ್ಮನ ಪ್ರಶ್ನೆಯೇ ಇಲ್ಲಿ ಮುಖ್ಯ. ಎಲ್ಲವನ್ನೂ ಪೂರ್ತಿ ಕಿತ್ತು ತೆಗೆದರೇ ಸರಿಯಾದ ಚಿಕಿತ್ಸೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಬೇರು ಉಳಿಯಿತು ಅಂದರೆ ಡಾಕ್ಟ್ರಿಗೆ ಕೈ ಬರಲಿಲ್ಲ ಎಂದೇ ಲೆಕ್ಕ. ಕೆಲವು ಸಲ ಅದು ನಿಜವೂ ಹೌದು. ಆದರೆ ಬೇಕೆಂದೇ ಬಿಡುವ ಸಂದರ್ಭಗಳಿವೆ. ನಿಮ್ಮ ಮನೆಯ ಎರಡೂ ಕೇಸು ಅಂಥವೇ ಇರಬಹುದು ಎಂದು ನನ್ನ ಅಂದಾಜು.

ಮೊದಲು ನಿಮ್ಮ ಹಲ್ಲು. ಮೂರು ಡಾಕ್ಟ್ರು ಮೂರು ಮಾತು ಹೇಳಿದರು ಎಂದು ಗಾಬರಿಯಾಗಬೇಡಿ. ನೋವಿಲ್ಲದ, ರೋಗವಿಲ್ಲದ ಬುದ್ಧಿಹಲ್ಲನ್ನು ತೆಗೆಯಬೇಕೋ ಬಿಡಬೇಕೋ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಕಾಕ್ರೇನ್ ಎಂಬ ಸಂಸ್ಥೆ ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2020ರಲ್ಲಿ ಇದರ ಬಗ್ಗೆ ವರದಿ ಕೊಟ್ಟಿತು. ಅವರ ಜರಡಿಯಲ್ಲಿ ಉಳಿದದ್ದು ಬರೇ ಎರಡು ಅಧ್ಯಯನ. ಅದರಲ್ಲಿ ಒಂದು ಬ್ರಿಟನ್ನಿನದು, 1998ರಲ್ಲಿ ಪ್ರಕಟವಾದದ್ದು. ಬುದ್ಧಿಹಲ್ಲು ತಳ್ಳಿ ಎದುರಿನ ಹಲ್ಲು ಸೊಟ್ಟಗಾಗುತ್ತದೆ ಅಂತಾರಲ್ವಾ, ಅದನ್ನು ಪರೀಕ್ಷಿಸಲು ಮಾಡಿದ್ದು. ಶುರುವಿನಲ್ಲಿ 164 ಮಂದಿ ಇದ್ದರು, ಐದು ವರ್ಷ ಕಳೆದು ಮತ್ತೆ ನೋಡುವಾಗ ಸಿಕ್ಕಿದ್ದು 77 ಮಂದಿ. ನೋವಿಲ್ಲದವರು ವರ್ಷಗಟ್ಟಲೆ ಯಾಕೆ ಆಸ್ಪತ್ರೆಗೆ ಬರುತ್ತಾರೆ, ಹೇಳಿ? ಈ ವಿಷಯದಲ್ಲಿ ಸಂಶೋಧನೆ ಸೊರಗುವುದೇ ಅಲ್ಲಿ. ಆದರೂ ಅಷ್ಟರಿಂದ ಒಂದು ಮಾತು ಸಿಕ್ಕಿತು: ಎದುರಿನ ಹಲ್ಲು ಸೊಟ್ಟಗಾಗದಿರಲಿ ಎಂದು ಬುದ್ಧಿಹಲ್ಲು ತೆಗೆಸುವುದಕ್ಕೆ ಅರ್ಥವಿಲ್ಲ. ಇದೇ ಕಾರಣ ಕೊಟ್ಟು ಯಾರಾದರೂ ತೆಗೆಸಿ ಅಂದರೆ ಒಪ್ಪಬೇಡಿ.

ಬ್ರಿಟನ್ನಿನ ನೈಸ್ ಎಂಬ ಸರ್ಕಾರಿ ಸಂಸ್ಥೆ 2000ದಲ್ಲೇ ಹೇಳಿಬಿಟ್ಟಿತು, ರೋಗವಿಲ್ಲದ ಬುದ್ಧಿಹಲ್ಲು ಸುಮ್ನೆ ಕೀಳಬೇಡಿ ಅಂತ. ಆಮೇಲೆ ಆದದ್ದು ಕುತೂಹಲದ ಸಂಗತಿ. ಮೊದಲಿಗೆ ಕೀಳುವುದು ಕಡಿಮೆಯಾಯಿತು, ಆಮೇಲೆ ಮತ್ತೆ ಏರಿತು. ತೆಗೆಸಿಕೊಳ್ಳುವವರ ಸರಾಸರಿ ವಯಸ್ಸು 25ರಿಂದ 32ಕ್ಕೆ ಹೋಯಿತು. ಕೀಳುವುದಕ್ಕೆ ಕಾರಣವಾಗಿ ಹುಳುಕು ಜಾಸ್ತಿ ಕಾಣತೊಡಗಿತು. ಅದರಲ್ಲೂ ಬುದ್ಧಿಹಲ್ಲಿನ ಪಕ್ಕದಲ್ಲಿ, ಅದರ ಮುಂದೆ ಇರುವ ದೊಡ್ಡ ದವಡೆಹಲ್ಲಿನ ಹಿಂಬದಿಯ ಹುಳುಕು. ಅಂದರೆ ಬಿಟ್ಟರೂ ಅದು ಬಿಡುವುದಿಲ್ಲ, ಕೆಲವರಲ್ಲಿ.

ಯಾರಲ್ಲಿ? ನಿಮ್ಮಂಥವರಲ್ಲೇ. ಗಾಳಿಗೆ ವಾಲಿದ ಅಡಿಕೆ ಮರ ಪಕ್ಕದ ಮರಕ್ಕೆ ಒರಗಿ ನಿಂತ ಹಾಗೆ ಮುಂದಕ್ಕೆ ಓರೆಯಾದ ಹಲ್ಲು ಇದು. ಕೆಳದವಡೆಯಲ್ಲಿ ಸಿಕ್ಕಿಕೊಳ್ಳುವ ಬುದ್ಧಿಹಲ್ಲುಗಳಲ್ಲಿ ಈ ಜಾತಿಯೇ ಹೆಚ್ಚು. 1926ರಲ್ಲಿ ಜಾರ್ಜ್ ವಿಂಟರ್ ಎಂಬವರು ವಾಲಿದ ಕೋನ ನೋಡಿ ಮಾಡಿದ ವಿಂಗಡಣೆಯನ್ನೇ ನಾವು ಇವತ್ತಿಗೂ ಕೇಸ್ ಶೀಟಿನಲ್ಲಿ ಬರೆಯುತ್ತೇವೆ. ಹಲ್ಲು ಪೂರ್ತಿ ಎಲುಬಿನೊಳಗೆ ಮುಚ್ಚಿಕೊಂಡಿದ್ದರೆ ಅದರ ಪಾಡಿಗೆ ಅದು ಇರಬಹುದು. ಅರ್ಧ ಒಸಡಿನ ಹೊರಗೆ, ಅರ್ಧ ಒಳಗೆ ಇದ್ದರೆ ಆ ಸಂದಿಗೆ ಬ್ರಷ್ ಹೋಗುವುದಿಲ್ಲ, ಅನ್ನದ ಅಗುಳು ಹೋಗುತ್ತದೆ. ಕನ್ನಡಿಯ ಎದುರು ಬಾಯಿ ದೊಡ್ಡದಾಗಿ ತೆರೆದು ನೋಡಿ. ಕೊನೆಯಲ್ಲಿ ಬಿಳಿ ಚೂರು ಇಣುಕುತ್ತಿದೆಯಾ? ಅಲ್ಲಿ ಒತ್ತಿದರೆ ಕೆಟ್ಟ ರುಚಿ ಬರುತ್ತದಾ? ಹೌದಾದರೆ "ನೋವಿಲ್ಲ" ಮಾತ್ರ, "ರೋಗವಿಲ್ಲ" ಅಲ್ಲ. ಆಗ ನಾನೂ ತೆಗೆಸಿ ಅಂತಲೇ ಹೇಳುತ್ತೇನೆ. ವಯಸ್ಸು ದಾಟಿದಂತೆ ಎಲುಬು ಗಟ್ಟಿಯಾಗುತ್ತದೆ, ಕೆಲಸ ಕಷ್ಟ, ವಾಸಿಯಾಗುವುದೂ ತಡ.

ಇನ್ನು ಆ ಬೇರು ಬಿಡುವ ವಿಷಯ. ಕೆಳದವಡೆಯ ಎಲುಬಿನೊಳಗೆ ಒಂದು ಕಾಲುವೆ ಇದೆ, ಅದರಲ್ಲಿ ನರ ಓಡುತ್ತದೆ. ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶ ಕೊಡುವುದು ಅದೇ. ಬುದ್ಧಿಹಲ್ಲಿನ ಬೇರು ಕೆಲವರಲ್ಲಿ ಈ ಕಾಲುವೆಗೆ ತಾಗಿಕೊಂಡೇ ಇರುತ್ತದೆ. ಕೀಳುವಾಗ ನರಕ್ಕೆ ಪೆಟ್ಟಾದರೆ ತುಟಿ ಅಲ್ಲಾಡುತ್ತದೆ, ಮಾತು ಬರುತ್ತದೆ, ಆದರೆ ಗಂಜಿ ಸುಟ್ಟದ್ದು ಗೊತ್ತಾಗುವುದಿಲ್ಲ. ಗಲ್ಲದ ಮೇಲೆ ಅನ್ನದ ಕಾಳು ಅಂಟಿದ್ದರೆ ಪಕ್ಕದವರು ಹೇಳಬೇಕು. ಹೆಚ್ಚಿನವರಿಗೆ ವಾರ-ತಿಂಗಳುಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಅಪರೂಪ. ಆದರೆ ಉಳಿದವರಿಗೆ ಅದು ಜೀವನಪೂರ್ತಿಯ ಗೋಳು.

ನಿಮ್ಮ ಒಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ಕೈಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ. ಬುದ್ಧಿಹಲ್ಲಿನ ಕೆಳಗೆ ಎರಡು ತೆಳು ಬಿಳಿ ಗೆರೆ ಜೋಡಿಯಾಗಿ ಹೋಗುತ್ತವೆ. ಅದೇ ಕಾಲುವೆಯ ಗೋಡೆ. ಬೇರನ್ನು ದಾಟುವ ಜಾಗದಲ್ಲಿ ಬಿಳಿ ಗೆರೆ ಕಡಿದುಹೋಗಿದೆಯಾ? ಬೇರಿನ ಮೇಲೆ ಅಡ್ಡಲಾಗಿ ಕಪ್ಪು ಪಟ್ಟಿ ಕಾಣುತ್ತದಾ? ಕಾಲುವೆ ಅಲ್ಲಿ ದಿಕ್ಕು ಬದಲಿಸಿದೆಯಾ? ನರಕ್ಕೆ ಅಪಾಯ ಸೂಚಿಸುವ ಗುರುತುಗಳಲ್ಲಿ ಈ ಮೂರು ಮುಖ್ಯ ಎಂದು 1990ರಲ್ಲಿ ರೂಡ್ ಮತ್ತು ಶೆಹಾಬ್ ತೋರಿಸಿಕೊಟ್ಟರು. ನಾವು ಈಗಲೂ ನೋಡುವುದು ಅವನ್ನೇ. ನಿಮ್ಮ ಮಂಗಳೂರಿನ ಡಾಕ್ಟ್ರು ಕೂಡ ಇಂಥದ್ದೇನನ್ನೋ ಕಂಡಿರಬೇಕು.

ಸಿಬಿಸಿಟಿ ಎಂಬ ತ್ರೀಡಿ ಸ್ಕ್ಯಾನ್ ಮಾಡಿಸಲು ಹೇಳಿದರೆ ಮಾಡಿಸಬಹುದು, ನರ ಬೇರಿನ ಯಾವ ಬದಿಗಿದೆ ಎಂದು ಸರ್ಜನ್ನಿಗೆ ಸ್ಪಷ್ಟವಾಗುತ್ತದೆ. ಆದರೆ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ನರಕ್ಕೆ ಪೆಟ್ಟಾಗುವುದು ಕಡಿಮೆಯಾಗುತ್ತದೆ ಎಂದು ಯುರೋಪಿನ ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಎಲ್ಲರಿಗೂ ಕಣ್ಣುಮುಚ್ಚಿ ಬರೆದುಕೊಡುವುದು ನನಗೆ ಹಿಡಿಸುವುದಿಲ್ಲ.

ಹಲ್ಲಿನ ತಲೆ ಮಾತ್ರ ಕತ್ತರಿಸುವ ಈ ವಿಧಾನಕ್ಕೆ ಕೊರೊನೆಕ್ಟಮಿ ಎನ್ನುತ್ತೇವೆ. 1984ರಲ್ಲಿ ಫ್ರೆಂಚ್ ಸರ್ಜನ್ನರು ಮೊದಲು ವಿವರಿಸಿದ್ದು. ಡ್ರಿಲ್ಲಿನಿಂದ ಹಲ್ಲಿನ ಮೇಲ್ಭಾಗ ಕತ್ತರಿಸಿ ತೆಗೆಯುತ್ತೇವೆ. ಉಳಿದ ಬೇರನ್ನು ಎಲುಬಿನ ಅಂಚಿಗಿಂತ 2-3 ಮಿಲಿಮೀಟರ್ ಕೆಳಗೆ ಇಳಿಯುವ ಹಾಗೆ ಉಜ್ಜಿ ಒಸಡು ಹೊಲಿಯುತ್ತೇವೆ. ಬೇರಿಗೆ ರೂಟ್ ಕೆನಾಲ್ ಕೂಡ ಮಾಡುವುದಿಲ್ಲ. ಕೇಳುವಾಗ ವಿಚಿತ್ರ ಅನ್ನಿಸುತ್ತದೆ. ಲಂಡನ್ನಿನಲ್ಲಿ ತಾರಾ ರೆಂಟನ್ ತಂಡ 2005ರಲ್ಲಿ ಇದನ್ನು ಸರಿಯಾಗಿ ಪರೀಕ್ಷೆಗೆ ಹಚ್ಚಿತು. ಅಪಾಯದ ಗುರುತು ಇದ್ದ 196 ಹಲ್ಲುಗಳು. ಪೂರ್ತಿ ಕಿತ್ತ ಗುಂಪಿನಲ್ಲಿ ಶೇಕಡ 19ರಷ್ಟು ಕಡೆ ನರಕ್ಕೆ ಪೆಟ್ಟಾಯಿತು. ಬೇರು ಉಳಿಸಲು ಸಾಧ್ಯವಾದ ಗುಂಪಿನಲ್ಲಿ ಒಂದೂ ಇಲ್ಲ. 19 ಎಂಬ ಸಂಖ್ಯೆ ನೋಡಿ ಹೆದರಬೇಡಿ, ಆರಿಸಿಕೊಂಡದ್ದೇ ಅಪಾಯದ ಹಲ್ಲುಗಳನ್ನು. ಸಾಮಾನ್ಯ ಕೇಸಿನಲ್ಲಿ ಅಷ್ಟೆಲ್ಲ ಇಲ್ಲ.

ಇದರಲ್ಲೂ ತಕರಾರು ಇದೆ. ಕತ್ತರಿಸುವಾಗ ಬೇರು ಅಲುಗಾಡಿದರೆ ಅದನ್ನು ಬಿಡುವ ಹಾಗಿಲ್ಲ, ತೆಗೆಯಲೇಬೇಕು. ಆ ಪ್ರಯೋಗದಲ್ಲೇ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹಾಗಾಯಿತು. ಉಳಿದ ಬೇರು ಮೊದಲ ಒಂದೆರಡು ವರ್ಷದಲ್ಲಿ ನಿಧಾನಕ್ಕೆ ಮೇಲೇರುತ್ತದೆ. ನರದಿಂದ ದೂರ ಹೋಗುವುದರಿಂದ ಅದು ಒಳ್ಳೆಯದೇ. ಆದರೆ ಒಸಡಿನ ಹೊರಗೆ ಬಂದರೆ ಇನ್ನೊಂದು ಸಲ ಕೂತು ತೆಗೆಸಬೇಕು. ಹಲ್ಲಿನ ಬೇರಿಗೇ ಸೋಂಕು ತಗುಲಿದ್ದರೆ ಈ ದಾರಿ ಮೊದಲೇ ಬಂದ್.

ಕೀಳುವಾಗ ಬೇರಿನ ತುದಿ ತಾನಾಗಿ ಮುರಿಯುವುದು ಬೇರೆ ಕಥೆ. ತುದಿ ಕೊಕ್ಕೆಯ ಹಾಗೆ ಬಾಗಿದ್ದರೆ ಎಷ್ಟು ಜಾಗ್ರತೆ ಮಾಡಿದರೂ ಟಕ್ ಎಂದು ಸದ್ದಾಗುತ್ತದೆ. ಕುರ್ಚಿಯಲ್ಲಿದ್ದವರಿಗೂ ಕೇಳುತ್ತದೆ, ಆಗ ಅವರ ಕಣ್ಣು ನನ್ನ ಮುಖದ ಮೇಲೆ. ಚೂರು 4-5 ಮಿಲಿಮೀಟರಿಗಿಂತ ಸಣ್ಣದಿದ್ದು, ಎಲುಬಿನಲ್ಲಿ ಆಳವಾಗಿ ಹೂತಿದ್ದು, ಸೋಂಕು ಇಲ್ಲದಿದ್ದರೆ, ಅದರ ಹಿಂದೆ ಹೋಗಿ ನರಕ್ಕೆ ಪೆಟ್ಟು ಮಾಡುವುದಕ್ಕಿಂತ ಬಿಡುವುದು ಲೇಸು ಎಂದು ಸರ್ಜರಿಯ ಪಠ್ಯಗಳೇ ಹೇಳುತ್ತವೆ. ಷರತ್ತು ಒಂದೇ. ರೋಗಿಗೆ ಹೇಳಬೇಕು, ಚೀಟಿಯಲ್ಲಿ ಬರೆಯಬೇಕು, ಎಕ್ಸ್‌ರೇ ಇಟ್ಟುಕೊಳ್ಳಬೇಕು. ಹೇಳದೆ ಮುಚ್ಚಿಟ್ಟರೆ ಮಾತ್ರ ಅದು ತಪ್ಪು.

ಎಲ್ಲ ಮುರಿದ ಬೇರಿಗೂ ಈ ರಿಯಾಯಿತಿ ಇಲ್ಲ. ರೂಟ್ ಕೆನಾಲ್ ಮಾಡಿದ ಹಲ್ಲಿನ ಬೇರು ಉದ್ದಕ್ಕೆ ಸೀಳಿದರೆ, ಆ ಸೀಳಿನಲ್ಲಿ ಸೋಂಕು ಇಳಿದು ಸುತ್ತಲಿನ ಎಲುಬು ಕರಗುತ್ತದೆ. ಆ ಬೇರು ಉಳಿಯುವುದಿಲ್ಲ. ರೂಟ್ ಕೆನಾಲ್ ಆಗದ ಹಲ್ಲೂ ಹೀಗೆ ಸೀಳಬಹುದು. ಚೀನೀ ರೋಗಿಗಳ 315 ಕೇಸುಗಳ ಒಂದು ಸಮೀಕ್ಷೆಯಲ್ಲಿ ಐದರಲ್ಲಿ ಎರಡು ಅಂಥವೇ ಇದ್ದವು. ಗಟ್ಟಿ ಪದಾರ್ಥ ಜಗಿಯುವ ಅಭ್ಯಾಸ ಒಂದು ಕಾರಣ ಎನ್ನುತ್ತಾರೆ. ನಮ್ಮ ಅಡಿಕೆ ತೋಟದ ಅಜ್ಜಂದಿರ ದವಡೆ ನೋಡಿದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ.

ಎಲ್ಲಿ ತೋರಿಸಬೇಕು ಎಂದು ಕೇಳಿದ್ದೀರಿ. ಪೊಯಿನಾಚಿಯಲ್ಲಿ ಡೆಂಟಲ್ ಕಾಲೇಜು ಇದೆ, ಗಡಿ ದಾಟಿದರೆ ದೇರಳಕಟ್ಟೆಯಲ್ಲಿ ಇವೆ. ಎಲ್ಲಿಗೆ ಹೋದರೂ ಓರಲ್ ಸರ್ಜರಿ ವಿಭಾಗ ಕೇಳಿ. ಸಮ್ಮತಿ ಪತ್ರ ಮಲಯಾಳದಲ್ಲಿದ್ದು ಓದಲು ಬಾರದಿದ್ದರೆ ಸಹಿ ಹಾಕುವ ಮುಂಚೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ನರದ ಮಾತು ಅದರಲ್ಲೇ ಇರುತ್ತದೆ. ತೆಗೆಸಿದ ಮೇಲೆ ಮೂರನೇ ದಿನದ ಹೊತ್ತಿಗೆ ನೋವು ಇಳಿಯುವ ಬದಲು ಏರಿ ಕಿವಿಗೆ ಎಳೆದರೆ ಅದು ಡ್ರೈ ಸಾಕೆಟ್, ಅಂದರೆ ಹಲ್ಲು ಕಿತ್ತ ಗುಳಿಯ ರಕ್ತದ ಹೆಪ್ಪು ಕಳಚಿಹೋದದ್ದು, ವಾಪಸ್ ಹೋಗಿ. ಬೀಡಿ ಸಿಗರೇಟು ಬೇಡ. ಆ್ಯಂಟಿಬಯಾಟಿಕ್ ಎಲ್ಲರಿಗೂ ಬೇಕೆಂದಿಲ್ಲ. ಒಬ್ಬರ ಸೋಂಕು ತಪ್ಪಿಸಲು 19 ಮಂದಿಗೆ ಕೊಡಬೇಕಾಗುತ್ತದೆ ಎಂಬುದು ಕಾಕ್ರೇನ್ ಲೆಕ್ಕ.

ಈಗ ತಮ್ಮನ ಹಲ್ಲು. ಅವನ ಡಾಕ್ಟ್ರು ಮಾಡಿದ್ದು ಸರಿ. ಬೇರು ಅಡ್ಡಕ್ಕೆ ಮುರಿದಾಗ ಎರಡು ತುಂಡನ್ನು ಸರಿಯಾಗಿ ಕೂರಿಸಿ, ಸ್ವಲ್ಪ ಬಾಗುವಂಥ ತಂತಿ ಕಟ್ಟಿ 4 ವಾರ ಬಿಟ್ಟರೆ, ತುಂಬಾ ಸಲ ಅದು ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಗಟ್ಟಿಯಾಗಿ, ಕೆಲವರಲ್ಲಿ ಮಧ್ಯೆ ನಾರಿನಂಥ ಪದರ ಬೆಳೆದು. ಡೆನ್ಮಾರ್ಕಿನ ಆಂಡ್ರಿಯಾಸೆನ್ 1960ರ ದಶಕದಿಂದ ಇಂಥ ಹಲ್ಲುಗಳ ಬೆನ್ನುಹತ್ತಿ ಇದನ್ನೆಲ್ಲ ದಾಖಲಿಸಿದರು. ಮುರಿತ ಒಸಡಿನ ಅಂಚಿಗೆ ಹತ್ತಿರ ಇದ್ದರೆ ತಂತಿ 4 ತಿಂಗಳವರೆಗೂ ಇರಬೇಕಾಗಬಹುದು, ಎಲ್ಲಿ ಮುರಿದಿದೆ ಎಂದು ಕೇಳಿಕೊಳ್ಳಿ. ಸದ್ಯಕ್ಕೆ ಹಲ್ಲಿಗೆ ತಣ್ಣನೆಯದು ತಾಗಿಸಿ ಪರೀಕ್ಷೆ ಮಾಡಿ "ಹಲ್ಲಿಗೆ ಜೀವ ಇಲ್ಲ" ಎಂದು ಯಾರಾದರೂ ಅಂದರೆ ರೂಟ್ ಕೆನಾಲಿಗೆ ಅವಸರ ಬೇಡ, ಪೆಟ್ಟಾದ ಮೇಲೆ 3 ತಿಂಗಳವರೆಗೂ ಆ ಪರೀಕ್ಷೆ ತಪ್ಪು ಹೇಳಬಹುದು. ನಿಜವಾಗಿ ಸತ್ತಿದ್ದರೂ ರೂಟ್ ಕೆನಾಲ್ ಮಾಡುವುದು ಮೇಲಿನ ತುಂಡಿಗೆ ಮಾತ್ರ. ತಂತಿ ಬಿಚ್ಚುವ ದಿನ, ಆಮೇಲೆ 6-8 ವಾರಕ್ಕೆ, 4 ತಿಂಗಳಿಗೆ, 6 ತಿಂಗಳಿಗೆ, ವರ್ಷಕ್ಕೆ, ಮತ್ತೆ ಐದು ವರ್ಷ ತುಂಬುವವರೆಗೆ ವರ್ಷಕ್ಕೊಮ್ಮೆ ಎಕ್ಸ್‌ರೇ ಬೇಕು. ಕಬಡ್ಡಿಗೆ ಮತ್ತೆ ಇಳಿಯುವಾಗ ಮೌತ್‌ಗಾರ್ಡ್ ಹಾಕಿಕೊಳ್ಳಲಿ.