ಮಾರಿಷಸ್‌ಗೆ ಬರುವವರಿಗೆ: ಮನೆ ಹುಡುಕುವ ಮೊದಲು ಗಾಳಿಯ ದಿಕ್ಕು ನೋಡಿ

"ಅಕ್ಕ, ಜನವರಿಯಲ್ಲಿ ಎಬೆನ್‌ನಲ್ಲಿ ಕೆಲಸಕ್ಕೆ ಸೇರುತ್ತಿದ್ದೇನೆ. ಹೆಂಡತಿ, ಮಗಳು ಜೊತೆಗೆ ಬರುತ್ತಾರೆ. ಮನೆ ಎಲ್ಲಿ ಮಾಡೋದು? ಸೈಕ್ಲೋನ್ ಅಷ್ಟೊಂದು ಭಯಾನಕವಾ? ಅಪ್ಪ ಅಮ್ಮನನ್ನು ಯಾವಾಗ ಕರೆಸಲಿ?" ಅಂತ ಕೇಳಿದ್ದೀರಿ. ಮೂರಕ್ಕೂ ಉತ್ತರ ಇಲ್ಲಿನ ಹವೆಯಲ್ಲೇ ಇದೆ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಾಲದ ಲೆಕ್ಕ ತಿರುಗಿಸಿಕೊಳ್ಳಿ. ಈ ದ್ವೀಪ ಇರುವುದು ಭೂಮಧ್ಯ ರೇಖೆಯಿಂದ ದಕ್ಷಿಣಕ್ಕೆ ಸುಮಾರು 20 ಡಿಗ್ರಿಯಲ್ಲಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬೇಸಿಗೆ, ಜೋರು ಮಳೆಯೂ ಆಗಲೇ. ಜೂನ್ ಬಂತು, ಮುಂಗಾರು ಬಂತು ಅನ್ನುವ ಅಭ್ಯಾಸ ಇಲ್ಲಿ ನಡೆಯೋದಿಲ್ಲ. ಆಗ ಇಲ್ಲಿ ಚಳಿಗಾಲ ಶುರು. ಬೇಸಿಗೆಯ ಸರಾಸರಿ ಉಷ್ಣಾಂಶ 24.7 ಡಿಗ್ರಿ, ಚಳಿಗಾಲದ್ದು 20.4. ಬರೀ ನಾಲ್ಕು ಡಿಗ್ರಿ ವ್ಯತ್ಯಾಸ ಅಲ್ವಾ ಅಂತ ನೋಡಿ, ಬೆಚ್ಚನೆಯ ಬಟ್ಟೆ ಒಂದೂ ಇಲ್ಲದೆ ಬಂದಿಳಿಯುವವರು ಬಹಳ ಜನ. ಆ ಸರಾಸರಿಯನ್ನು ನಂಬಬೇಡಿ. ಅದು ಇಡೀ ದ್ವೀಪದ್ದು. ನೀವು ಇರುವುದು ಒಂದು ಮನೆಯಲ್ಲಿ.

ಇಲ್ಲಿ ವರ್ಷವಿಡೀ ಗಾಳಿ ಬೀಸುವುದು ಆಗ್ನೇಯದಿಂದ. ಸಮುದ್ರದ ತೇವ ಹೊತ್ತು ಬಂದು, ದ್ವೀಪದ ನಡುವಿನ ಎತ್ತರದ ನೆಲ ಹತ್ತುತ್ತಾ ತಣ್ಣಗಾಗಿ, ಅಲ್ಲೇ ಸುರಿಸಿಬಿಡುತ್ತದೆ. ಪಶ್ಚಿಮಕ್ಕೆ ಇಳಿಯುವ ಹೊತ್ತಿಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ನಮ್ಮ ಘಟ್ಟದ ಕಥೆಯೇ, ದಿಕ್ಕು ಮಾತ್ರ ಉಲ್ಟಾ. ನಡುವಿನ ಎತ್ತರದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಾಗಗಳಿವೆ. ಪಶ್ಚಿಮದ ಕರಾವಳಿಯಲ್ಲಿ 1,000 ಕೂಡ ಮುಟ್ಟದ ಜಾಗಗಳಿವೆ. ದ್ವೀಪದ ಉದ್ದ 65 ಕಿಲೋಮೀಟರ್ ಅಷ್ಟೇ! ನಡುವಿನ ಎತ್ತರದ ಕ್ಯುರ್‌ಪೀಪ್‌ನಲ್ಲಿ ಛತ್ರಿ ಹಿಡಿದು ಕಾರು ಹತ್ತಿದವರು ಪಶ್ಚಿಮ ಕರಾವಳಿಯ ಫ್ಲಿಕ್-ಆನ್-ಫ್ಲಾಕ್‌ನಲ್ಲಿ ಇಳಿದು ಕಪ್ಪು ಕನ್ನಡಕ ಹುಡುಕುತ್ತಾರೆ.

ಹಾಗಾಗಿ ಮನೆಯ ವಿಷಯ. ಕ್ಯುರ್‌ಪೀಪ್ ಸುಮಾರು 550 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಹಾಯಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜುಲೈ, ಆಗಸ್ಟ್‌ನಲ್ಲಿ ಒಗೆದ ಬಟ್ಟೆ ಒಣಗೋದಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ವಕ್ವಾದಲ್ಲೂ ಹೆಚ್ಚುಕಡಿಮೆ ಹೀಗೇ. ಮನೆ ನೋಡಲು ಹೋದಾಗ ಗೋಡೆಯ ಬಣ್ಣ ನೋಡಬೇಡಿ, ಅದು ಹೊಸದಾಗಿ ಹೊಡೆದದ್ದು. ಬೀರುವಿನ ಬಾಗಿಲು ತೆಗೆದು ಮೂಸಿ. ಮುಗ್ಗಲು ವಾಸನೆ ಬಂದರೆ ಬಾಡಿಗೆ ಮಾತಾಡದೆ ಹೊರಗೆ ಬನ್ನಿ, ಅದರಲ್ಲೂ ಮಗುವಿಗೆ ಕೆಮ್ಮು, ಉಬ್ಬಸ ಇದ್ದರೆ. ಪಶ್ಚಿಮ ಕರಾವಳಿ ಒಣ, ಚಳಿಗಾಲದಲ್ಲಿ ಸ್ವರ್ಗ, ಜನವರಿ ರಾತ್ರಿಗಳಲ್ಲಿ ಎಸಿ ಇಲ್ಲದೆ ಕಷ್ಟ. ನನ್ನನ್ನು ಕೇಳಿದರೆ ಕಾತ್ರ್ ಬೋರ್ನ್ ಅಥವಾ ರೋಸ್ ಹಿಲ್ ಕಡೆ ಹುಡುಕಿ. ಎತ್ತರಕ್ಕೂ ಕರಾವಳಿಗೂ ನಡುವಿನ ಹವೆ, ಆಫೀಸೂ ಹತ್ತಿರ.

ಈಗ ಸೈಕ್ಲೋನ್. ನೀವು ಬಂದಿಳಿಯುವುದೇ ಅದರ ಕಾಲದಲ್ಲಿ. ಸಮುದ್ರದ ಮೇಲ್ನೀರು ಸುಮಾರು 26-27 ಡಿಗ್ರಿ ದಾಟಿದಾಗ ಈಶಾನ್ಯದ ಕಡೆ ಹುಟ್ಟಿ, ಸಾಮಾನ್ಯವಾಗಿ ಪಶ್ಚಿಮಕ್ಕೂ ನೈರುತ್ಯಕ್ಕೂ ಸರಿಯುತ್ತಾ, ಕೊನೆಗೆ ದಕ್ಷಿಣಕ್ಕೆ ಬಾಗುತ್ತದೆ. ಬಂಗಾಳ ಕೊಲ್ಲಿಯದಕ್ಕಿಂತ ಇಲ್ಲಿ ತಿರುಗುವುದು ಉಲ್ಟಾ, ಗಡಿಯಾರದ ಮುಳ್ಳಿನಂತೆ. ಅಪಾರ ಸಾಗರದಲ್ಲಿ ಇದೊಂದು ಚುಕ್ಕೆ. ಹೆಚ್ಚಿನವು ದೂರದಲ್ಲೇ ಹಾದುಹೋಗುತ್ತವೆ. ಸುತ್ತ ನೋಡಿದರೆ ಮನೆಗಳೆಲ್ಲ ಕಾಂಕ್ರೀಟು, ಮೇಲೆ ಚಪ್ಪಟೆ ತಾರಸಿ, ಅಂದವೇ ಇಲ್ಲ ಅನ್ನಿಸಬಹುದು. 1960ರಲ್ಲಿ ಜನವರಿಯಲ್ಲಿ ಅಲಿಕ್ಸ್, ಫೆಬ್ರವರಿಯಲ್ಲಿ ಕ್ಯಾರಲ್ ಅಂತ ಎರಡು ಸೈಕ್ಲೋನ್ ಒಂದರ ಹಿಂದೆ ಒಂದು ಬಂದವು. ಕ್ಯಾರಲ್‌ನ ಗಾಳಿಯ ಹೊಡೆತ ಗಂಟೆಗೆ 256 ಕಿಲೋಮೀಟರ್. ತಗಡು, ಮರದ ಮನೆಗಳು ಹಾರಿಹೋದವು. ಆಮೇಲೆ ಊರೇ ಕಾಂಕ್ರೀಟಿಗೆ ತಿರುಗಿತು. ಅದರಿಂದಾಗಿ ಈಗ ಗಾಳಿಗೆ ಮನೆ ಬೀಳುವ ಭಯ ಅಷ್ಟಿಲ್ಲ.

ಎಚ್ಚರಿಕೆಯನ್ನು ಕ್ಲಾಸ್ ಒಂದು, ಎರಡು ಅಂತ ಹೇಳುತ್ತಾರೆ. ಹೊಸಬರು ಇದನ್ನು ಸೈಕ್ಲೋನಿನ ಬಲ ಅಂದುಕೊಳ್ಳುತ್ತಾರೆ. ಹಾಗಲ್ಲ. ಗಂಟೆಗೆ 120 ಕಿಲೋಮೀಟರಿನ ಗಾಳಿಯ ಹೊಡೆತ ದ್ವೀಪಕ್ಕೆ ಎಷ್ಟು ಹತ್ತಿರವಾಗಿದೆ ಅನ್ನುವುದರ ಸೂಚನೆ ಅದು. ಕ್ಲಾಸ್ ಒಂದು ಅಂದರೆ ಸಾಮಾನು ತಂದಿಟ್ಟುಕೊಳ್ಳುವ ಹೊತ್ತು. ಮೂರು ಅಂದರೆ ನೀವು ಮನೆಯೊಳಗೆ ಇರಬೇಕು, ಬಸ್ಸು, ಕಚೇರಿ, ಅಂಗಡಿ ಯಾವುದೂ ಇಲ್ಲ. ಎಚ್ಚರಿಕೆ ತೆಗೆಯುವವರೆಗೆ ಹೊರಗೆ ಕಾಲಿಡಬೇಡಿ. ಇದ್ದಕ್ಕಿದ್ದಂತೆ ಗಾಳಿ ನಿಂತು ಆಕಾಶ ಬಿಳಿಚಿಕೊಂಡರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಸೈಕ್ಲೋನಿನ ಕಣ್ಣು ಇರಬಹುದು. ಅದು ದಾಟಿದ ಕೂಡಲೇ ಗಾಳಿ ಎದುರು ದಿಕ್ಕಿನಿಂದ ನುಗ್ಗುತ್ತದೆ. ಅಲ್ಲಿಯವರೆಗೆ ಸುರಕ್ಷಿತವಾಗಿದ್ದ ಕೋಣೆಯೇ ಆಗ ಗಾಳಿಗೆ ಎದುರಾಗುತ್ತದೆ.

ಮನೆಯೊಳಗೆ ಏನಾಗುತ್ತದೆ ಅಂದರೆ, ಮಳೆ ಮೇಲಿಂದ ಬೀಳೋದಿಲ್ಲ, ಅಡ್ಡಡ್ಡ ಬರುತ್ತದೆ. ಸ್ಲೈಡಿಂಗ್ ಬಾಗಿಲಿನ ಕೆಳಪಟ್ಟಿಯಲ್ಲಿ ನೀರು ಗುಳುಗುಳು ಅಂತ ಗುಳ್ಳೆ ಎಬ್ಬಿಸುತ್ತಾ ಉಕ್ಕಿ ಒಳಗೆ ಹರಿಯುತ್ತದೆ. ಹಳೆ ಟವೆಲ್ಲು ಎಷ್ಟಿದ್ದರೂ ಸಾಲದು. ಕರೆಂಟ್ ಹೋಗುತ್ತದೆ, ಹಿಂದೆಯೇ ನಲ್ಲಿ ನೀರೂ. ಬಕೆಟ್ಟು ತುಂಬಿಡಿ, ಫೋನ್ ಚಾರ್ಜ್ ಮಾಡಿ, ಬ್ಯಾಟರಿ ರೇಡಿಯೋ ಇಟ್ಟುಕೊಳ್ಳಿ. ಗಾಜಿಗೆ ಟೇಪ್ ಅಂಟಿಸುವುದು ಸುಮ್ನೆ ಸಮಾಧಾನಕ್ಕೆ, ಅದು ಗಾಜನ್ನು ಉಳಿಸುವುದಿಲ್ಲ. ಅದರ ಬದಲು ತಾರಸಿಗೆ ಹತ್ತಿ ನೀರು ಹೋಗುವ ತೂತುಗಳಲ್ಲಿ ಎಲೆ ಕಟ್ಟಿಕೊಂಡಿದೆಯಾ ನೋಡಿ. ಅದು ಕಟ್ಟಿಕೊಂಡರೆ ತಾರಸಿಯೇ ಕೆರೆ.

ನಾನು ನಿಜವಾಗಿ ಹೆದರುವುದು ನೀರಿಗೆ, ಗಾಳಿಗಲ್ಲ. 2013ರ ಮಾರ್ಚ್ 30ರಂದು ಸೈಕ್ಲೋನ್ ಇರಲೇ ಇಲ್ಲ. ರಾಜಧಾನಿ ಪೋರ್ಟ್ ಲೂಯಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಸುರಿದ ಮಳೆಗೆ 11 ಜನ ಸತ್ತರು. ಕೆಲವರು ಸಿಕ್ಕಿಬಿದ್ದದ್ದು ನೆಲದಡಿಯ ದಾರಿಯಲ್ಲಿ, ಪಾರ್ಕಿಂಗಿನಲ್ಲಿ. ನಗರದ ಬೆನ್ನಿಗೇ ಬೆಟ್ಟ, ಮುಂದೆ ಸಮುದ್ರ, ನಡುವಿನ ಜಾಗವೆಲ್ಲ ಕಟ್ಟಡ. ಬಿದ್ದ ನೀರು ಇಂಗಲು ಜಾಗವಿಲ್ಲದೆ ರಸ್ತೆಯಲ್ಲೇ ಧುಮುಕುತ್ತದೆ. 2024ರ ಜನವರಿ 15ರಂದು ಬೆಲಾಲ್ ಸೈಕ್ಲೋನ್ ಬಂದಾಗಲೂ ಅದೇ ಊರಿನಲ್ಲಿ ಕಾರುಗಳು ತೇಲಿಹೋದವು. ಆದ್ದರಿಂದ ಎಬೆನ್ ಆದರೂ ಅಷ್ಟೇ, ಎಲ್ಲಿಯಾದರೂ ಅಷ್ಟೇ, ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರನ್ನು ಜೋರು ಮಳೆಯಲ್ಲಿ ತರಲು ಹೋಗಬೇಡಿ. 12 ಗಂಟೆಯೊಳಗೆ 100 ಮಿಲಿಮೀಟರ್ ಬಿದ್ದು ಇನ್ನೂ ಬರುವಂತಿದ್ದರೆ ಅದನ್ನು ಧಾರಾಕಾರ ಮಳೆ ಅಂತ ಸಾರಿ ಶಾಲೆಗೆ ರಜೆ ಕೊಡುತ್ತಾರೆ. ಆ ದಿನ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಈಗಲೇ ಯೋಚಿಸಿಡಿ.

ಹಾಗಂತ ಇಲ್ಲಿನವರು ಸೈಕ್ಲೋನ್ ಬೇಡವೇ ಬೇಡ ಅನ್ನೋದಿಲ್ಲ. ದೂರದಲ್ಲಿ ಹಾದು ಮಳೆ ಮಾತ್ರ ಕೊಟ್ಟು ಹೋಗಲಿ ಅಂತ ಆಸೆ. ಬೇಸಿಗೆಯ ಮಳೆ ಕೈಕೊಟ್ಟರೆ ಮಾರ್ ಓ ವಕ್ವಾ ಜಲಾಶಯ ಇಳಿಯುತ್ತದೆ, ವರ್ಷದ ಕೊನೆಗೆ ನಲ್ಲಿಯಲ್ಲಿ ದಿನಕ್ಕೆ ಕೆಲವೇ ಗಂಟೆ ನೀರು. ಮನೆಗೆ ಸ್ವಂತ ಟ್ಯಾಂಕ್ ಇದೆಯಾ ಅಂತ ಮರೆಯದೆ ಕೇಳಿ.

ಅಪ್ಪ ಅಮ್ಮನನ್ನು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವೆ ಕರೆಸಿ. ಅಕ್ಟೋಬರ್‌ನಲ್ಲಿ ಮಳೆ ತೀರಾ ಕಡಿಮೆ, ಚಳಿ ಮುಗಿದಿರುತ್ತದೆ, ಸೆಕೆ ಇನ್ನೂ ಏರಿರುವುದಿಲ್ಲ. ಬಿಸಿಲು ಮಾತ್ರ ಚುರುಕು, ನವೆಂಬರ್ ಕೊನೆಗೆ ಸೂರ್ಯ ನೆತ್ತಿಯ ಮೇಲೇ. ದ್ವೀಪದ ಸುತ್ತ ಹೆಚ್ಚಿನ ಕಡೆ ಹವಳದ ಗೋಡೆ ಅಲೆಯನ್ನು ತಡೆಯುತ್ತದೆ, ದಕ್ಷಿಣದ ಗ್ರಿಗ್ರಿಯಲ್ಲಿ ಅದು ಇಲ್ಲ. ಅಲ್ಲಿ ನೋಡಿ ಬನ್ನಿ, ನೀರಿಗೆ ಇಳಿಯಬೇಡಿ. ಅವರು ಜನವರಿ-ಮಾರ್ಚ್‌ನಲ್ಲೇ ಬರಬೇಕಾದರೆ ವಾಪಸ್ ಟಿಕೆಟ್ಟಿಗೂ ಊರಲ್ಲಿನ ಮುಖ್ಯ ಕೆಲಸಕ್ಕೂ ನಡುವೆ ಎರಡು ಮೂರು ದಿನ ಖಾಲಿ ಬಿಡಿ. ಸೈಕ್ಲೋನ್ ಬಂದರೆ ವಿಮಾನ ನಿಲ್ದಾಣವನ್ನೂ ಮುಚ್ಚುತ್ತಾರೆ. ಅವರು ದಿನನಿತ್ಯ ತೆಗೆದುಕೊಳ್ಳುವ ಮಾತ್ರೆಗಳೂ ಅಷ್ಟು ದಿನಕ್ಕೆ ಹೆಚ್ಚಿಗೆ ಇರಲಿ.